ಚಿಕ್ಕ ಬ್ರೇಕರ್ ಸಾಕಾ, ದೊಡ್ಡದೇ ಬೇಕಾ?

ಮನೆ ರಿಪೇರಿಗೆ ಕೈ ಹಾಕಿದವರೆಲ್ಲ ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಬಚ್ಚಲುಮನೆಯ ಹಳೇ ಟೈಲ್ಸ್ ಕೀಳಬೇಕು. ಹಿತ್ತಲಿನ ಕಾಂಕ್ರೀಟ್ ಒಡೆದು ಪೈಪು ಹಾಕಬೇಕು. ಅಡುಗೆಮನೆ ಬಾಗಿಲು ಅರ್ಧ ಅಡಿ ಅಗಲ ಮಾಡಬೇಕು. ಯಾವ ಬ್ರೇಕರ್, ಅಂದರೆ ಹೊಡೆದು ಒಡೆಯುವ ಮಿಷನ್, ತರಲಿ?

ನಾನು ಮೊದಲ ಸಲ ತಂದದ್ದು ಬಾಡಿಗೆ ಅಂಗಡಿಯಲ್ಲಿದ್ದ ಅತಿ ದೊಡ್ಡದನ್ನು. 'ಬೇಗ ಮುಗಿಯುತ್ತೆ ಸಾರ್' ಅಂದ ಅಂಗಡಿಯ ಹುಡುಗ. ಹಿತ್ತಲು ಬೇಗನೇ ಮುಗಿಯಿತು, ನಿಜ. ಅದೇ ಉಮೇದಿನಲ್ಲಿ ಹದಿನಾರು ಕೆಜಿಯ ಆ ಮಿಷನ್ನನ್ನು ಬಚ್ಚಲುಮನೆಯ ಗೋಡೆಗೆ ಎತ್ತಿ ಹಿಡಿದೆ. ಎರಡು ನಿಮಿಷವೂ ಆಗಿರಲಿಲ್ಲ. ಮಿಷನ್ನಿನ ತುದಿಗೆ ಸಿಕ್ಕಿಸುವ ಉಳಿ, ಅಂದರೆ ಚಿಸೆಲ್, ಟೈಲ್ಸ್ ದಾಟಿ, ಗಾರೆ ದಾಟಿ, ನಾಲ್ಕಿಂಚಿನ ಗೋಡೆಯನ್ನೇ ತೂತು ಮಾಡಿ ಪಕ್ಕದ ಕೋಣೆಯಲ್ಲಿ ಇಣುಕಿತು. ಮಿಷನ್ ಜೊತೆ ನಾನೂ ಮುಗ್ಗರಿಸಿದೆ. ಗೋಡೆ ಹಾಳಾಗಿ ಹೋಗಲಿ, ಆ ಚಿಸೆಲ್ ಅರ್ಧ ಅಡಿ ಪಕ್ಕಕ್ಕೆ ಇಳಿದಿದ್ದರೆ ಗೀಸರಿನ ವೈರು ಸಿಗುತ್ತಿತ್ತು.

ಹುಷಾರಾಗಿ ಹಿಡಿಯುವುದು ಆಮೇಲಿನ ಮಾತು. ತಪ್ಪು ಸೈಜಿನ ಮಿಷನ್ ತಂದರೆ ಹುಷಾರಾಗಿ ಹಿಡಿಯಲು ಆಗುವುದೇ ಇಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡಿರಬೇಕು.

ಅಂಗಡಿಗೆ ಹೋಗುವ ಮುಂಚೆ

ಚಿಸೆಲ್ ಯಾವ ಕಡೆ ಮುಖ ಮಾಡುತ್ತದೆ? ನೆಲ ಒಡೆಯುವಾಗ ಮಿಷನ್ನಿನ ತೂಕವೇ ಅರ್ಧ ಕೆಲಸ ಮಾಡುತ್ತದೆ. ಅಲ್ಲಿ ಭಾರ ಇದ್ದಷ್ಟೂ ಒಳ್ಳೆಯದು. ಗೋಡೆಗೆ ಬಂದರೆ ಅದೇ ಭಾರವನ್ನು ನಿಮ್ಮ ತೋಳು ಹೊರಬೇಕು. ತಲೆಯ ಮೇಲಿನ ಕೆಲಸ ಅಂದರೆ ಇನ್ನೂ ಕಷ್ಟ. ಭಾರದ ಜೊತೆಗೆ ಚೂರೂ ದೂಳೂ ನಿಮ್ಮ ಮುಖಕ್ಕೇ ಬೀಳುತ್ತವೆ.

ಒಡೆಯುವುದು ಏನನ್ನು, ಎಷ್ಟು ದಪ್ಪ, ಒಳಗೆ ಕಂಬಿ ಇದೆಯಾ? ಟೈಲ್ಸ್ ಬೇರೆ, ಅಂಗಳಕ್ಕೆ ಸುಮ್ನೆ ಸುರಿದ ನಾಲ್ಕಿಂಚಿನ ಕಾಂಕ್ರೀಟ್ ಬೇರೆ, ಕಂಬಿ ಕಟ್ಟಿ ಹಾಕಿದ ಸಂಪಿನ ಮುಚ್ಚಳ ಬೇರೆ.

ದಿನಕ್ಕೆ ಎಷ್ಟು ಹೊತ್ತು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಆದರೆ ನನ್ನ ಪ್ರಕಾರ ಇದೇ ಮುಖ್ಯ. ಬ್ರೇಕರ್ ಹಿಡಿದ ಕೈ ಅದುರುತ್ತದಲ್ಲ, ಅದಕ್ಕೊಂದು ಲೆಕ್ಕ ಇದೆ. ಯುರೋಪಿನಲ್ಲಿ 2002ರಲ್ಲಿ ಮಾಡಿದ ನಿಯಮದ ಪ್ರಕಾರ 8 ಗಂಟೆಯ ದಿನದ ಲೆಕ್ಕದಲ್ಲಿ ಅದುರು 2.5 ದಾಟಿದರೆ ಅದನ್ನು ತಗ್ಗಿಸಲು ಕ್ರಮ ತೆಗೆದುಕೊಳ್ಳಬೇಕು. 5 ಅಂತೂ ದಾಟುವ ಹಾಗೇ ಇಲ್ಲ. ಇದನ್ನು ಅಳೆಯುವುದು ಮೀಟರ್ ಪರ್ ಸೆಕೆಂಡ್ ಸ್ಕ್ವೇರ್‌ನಲ್ಲಿ. ಒಳ್ಳೇ ಕಂಪನಿಯ ಮಿಷನ್ನಿನ ಪುಸ್ತಕದಲ್ಲಿ ಅದರ ಅದುರು ಎಷ್ಟೆಂದು ಬರೆದಿರುತ್ತದೆ. ಆ ಅಂಕಿ 10 ಇದ್ದರೆ ಅರ್ಧ ಗಂಟೆಗೇ ಮೊದಲ ಮಿತಿ ಮುಟ್ಟುತ್ತೀರಿ, 2 ಗಂಟೆಗೆ ಕೊನೆಯ ಮಿತಿ. 20 ಇದ್ದರೆ ಏಳೂವರೆ ನಿಮಿಷಕ್ಕೆ ಮೊದಲನೆಯದು, ಅರ್ಧ ಗಂಟೆಗೆ ಎರಡನೆಯದು. ಅದುರು ಎರಡರಷ್ಟಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದನ್ನು ಗಮನಿಸಿ. ಈ ಸಮಯ ಸ್ವಿಚ್ ಒತ್ತಿ ಹಿಡಿದ ಹೊತ್ತು ಮಾತ್ರ. ನಡುವೆ ಕಾಫಿ ಕುಡಿದದ್ದು, ಮಣ್ಣು ತುಂಬಿದ್ದು ಸೇರುವುದಿಲ್ಲ.

ಮಿತಿ ದಾಟಿದರೆ ಅವತ್ತೇ ಏನೂ ಆಗುವುದಿಲ್ಲ. ರಾತ್ರಿ ಬೆರಳು ಜೋಮು ಹಿಡಿಯುತ್ತದೆ ಅಷ್ಟೇ. ಆದರೆ ವರ್ಷಗಟ್ಟಲೆ ಇದೇ ಕೆಲಸ ಮಾಡುವವರಿಗೆ ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತದೆ, ಅಂಗಿಯ ಗುಂಡಿ ಹಾಕಲೂ ಕಷ್ಟವಾಗುತ್ತದೆ. ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳಿಗೆ ಆಗುವ ಈ ಪೆಟ್ಟು ಬಲಿತ ಮೇಲೆ ಪೂರ್ತಿ ವಾಸಿಯಾಗುವುದು ಕಷ್ಟ. ನೀವು ಎರಡು ದಿನ ಮಾಡಿ ಬಿಡುತ್ತೀರಿ. ಕೂಲಿಗೆ ಕರೆದವರು ದಿನಾ ಮಾಡುತ್ತಾರೆ. ಅವರಿಗೆ ಮಿಷನ್ ತಂದುಕೊಡುವವರು ನೀವಾದರೆ ಈ ಲೆಕ್ಕ ಅವರಿಗೂ ಹಾಕಿ.

ಇನ್ನೊಂದು ಪ್ರಶ್ನೆ, ಒಳಗೆ ಏನು ಅಡಗಿದೆ ಮತ್ತು ಮೇಲಿನ ಭಾರ ಯಾರು ಹೊತ್ತಿದ್ದಾರೆ ಎಂಬುದು. ಇದಕ್ಕೆ ಕೊನೆಗೆ ಬರುತ್ತೇನೆ.

ಸುತ್ತಿಗೆ ಮತ್ತು ಉಳಿ

ನಗಬೇಡಿ. ಎರಡು ಟೈಲ್ಸ್ ಬದಲಿಸಲು, ನಲ್ಲಿಯ ಪೈಪಿನ ಪಕ್ಕದಲ್ಲೇ ಕೆದಕಲು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಳೇ ಗೋಡೆಗೆ ಮಿಷನ್ ಇಟ್ಟರೆ ಅದುರಿಗೆ ನಾಲ್ಕು ಅಡಿ ಆಚೆಯ ಕಲ್ಲೂ ಸಡಿಲವಾಗುತ್ತದೆ. ಒಂದೇ ಎಚ್ಚರ. ಹೊಡೆದೂ ಹೊಡೆದೂ ಉಳಿಯ ತಲೆ ಅಣಬೆಯ ಹಾಗೆ ಅರಳಿದ್ದರೆ ಗ್ರೈಂಡರಿಗೆ ಕೊಟ್ಟು ಅಂಚು ತೆಗೆಸಿ. ಆ ಅಂಚಿನ ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ.

ಮೂರು ಕೆಜಿಯ ಹ್ಯಾಮರ್

ಕೆಲಸದವರು ಕಂಪನಿ ಯಾವುದಿದ್ದರೂ ಇದನ್ನು 'ಹಿಲ್ಟಿ ಮಿಷನ್' ಅನ್ನುತ್ತಾರೆ. ಅಂಗಡಿಯಲ್ಲಿ '2-26' ಅಂದರೆ ಗೊತ್ತಾಗುತ್ತದೆ. ಸುಮಾರು 800 ವ್ಯಾಟ್, ಒಂದೊಂದು ಹೊಡೆತದ ಶಕ್ತಿ 3 ಜೂಲ್‌ಗಿಂತ ತುಸು ಕಡಿಮೆ. ಚಿಸೆಲ್ಲಿನ ಹಿಂಬದಿ, ಅಂದರೆ ಮಿಷನ್ನಿಗೆ ಸಿಕ್ಕಿಸುವ ತುದಿ, 10 ಮಿಲಿಮೀಟರಿನ 'ಎಸ್‌ಡಿಎಸ್ ಪ್ಲಸ್' ಜಾತಿಯದು. ತೂತು ಕೊರೆಯುತ್ತದೆ, ಒಡೆಯುತ್ತದೆ, ಎರಡೂ.

ಗೋಡೆಯ ಟೈಲ್ಸ್, ವೈರಿಂಗಿನ ಗ್ರೂವ್, ಉಬ್ಬಿದ ಗಾರೆ ಇಷ್ಟಕ್ಕೆ ಇದು ಸಾಕು. ತಲೆಯ ಮೇಲಿನ ಸಣ್ಣ ಕೆಲಸಕ್ಕೂ ಇದನ್ನು ಬಿಟ್ಟು ಬೇರೆ ಮುಟ್ಟಬೇಡಿ. ಒಡೆಯುವಾಗ ಪಕ್ಕದ ಗುಂಡಿಯನ್ನು ಚಿಸೆಲ್ ಗುರುತಿಗೆ ತಿರುಗಿಸಿರಬೇಕು. ತೂತು ಕೊರೆಯುವಾಗ ಬಿಟ್ ಕಂಬಿಗೆ ಸಿಕ್ಕರೆ ಮಿಷನ್ ಗಕ್ಕನೆ ತಿರುಗಿ ಮಣಿಕಟ್ಟು ತಿರುಚುತ್ತದೆ, ಅದಕ್ಕೇ ಪಕ್ಕದ ಹಿಡಿ ಕೊಟ್ಟಿರುವುದು. ಬಿಚ್ಚಿ ಮೂಲೆಗೆ ಎಸೆಯಬೇಡಿ.

ಇದರಲ್ಲಿ ಅಂಗಳ ಒಡೆಯುತ್ತೇನೆ ಅಂತ ಹೋದರೆ ಬೇರೆ ತಾಪತ್ರಯ. ಒಡೆಯುವುದಿಲ್ಲವಲ್ಲ ಅಂತ ಮೈಭಾರ ಹಾಕಿ ಒತ್ತುತ್ತೀರಿ. ಒತ್ತಿದಷ್ಟೂ ಅದುರು ಭುಜಕ್ಕೆ ಏರುತ್ತದೆ, ಮಿಷನ್ ಸುಡುತ್ತದೆ. ಚಿಕ್ಕ ಮಿಷನ್ ಯಾವಾಗಲೂ ಸುರಕ್ಷಿತ ಅಂತ ಅಂದುಕೊಂಡವರು ಕಲಿಯುವುದು ಇಲ್ಲೇ.

ಐದಾರು ಕೆಜಿಯದು

ಮನೆ ರಿಪೇರಿಗೆ ಒಂದೇ ಮಿಷನ್ ಹೇಳು ಅಂದರೆ ನಾನು ಬೊಟ್ಟು ಮಾಡುವುದು ಇದಕ್ಕೆ. ಮಾರುಕಟ್ಟೆಯಲ್ಲಿ '0810' ಅನ್ನುವ ಹೆಸರಿನಲ್ಲಿ ಹತ್ತಾರು ಕಂಪನಿಯವು ಸಿಗುತ್ತವೆ. 900ರಿಂದ 1100 ವ್ಯಾಟ್. ತಿರುಗುವುದಿಲ್ಲ, ಬರೀ ಹೊಡೆಯುತ್ತದೆ. ಹಾಗಾಗಿ ಮಣಿಕಟ್ಟು ತಿರುಚುವ ಭಯ ಇಲ್ಲ. ಸೊಂಟದಿಂದ ಎದೆಯ ಎತ್ತರದವರೆಗೆ ಗೋಡೆ ಕೆಲಸ ಆರಾಮಾಗಿ ಮಾಡಬಹುದು. ನೆಲದ ಟೈಲ್ಸನ್ನು ಕೆಳಗಿನ ಸಿಮೆಂಟ್ ಹಾಸು, ಅಂದರೆ ಬೆಡ್ ಸಮೇತ ಎಬ್ಬಿಸುತ್ತದೆ. ಎರಡು ಮೂರು ಇಂಚಿನ ಕಾಂಕ್ರೀಟನ್ನೂ ಸಮಾಧಾನವಾಗಿ ಒಡೆಯುತ್ತದೆ.

ಚಿಸೆಲ್ ಕೊಳ್ಳುವಾಗ ಮಾತ್ರ ನೋಡಿ. 0810 ಜಾತಿಯವಕ್ಕೆ 17 ಮಿಲಿಮೀಟರಿನ ಆರು ಮೂಲೆಯ ಚಿಸೆಲ್. ಇದೇ ತೂಕದ ಬೇರೆ ಮಿಷನ್‌ಗಳಿಗೆ 18 ಮಿಲಿಮೀಟರಿನ ಎಸ್‌ಡಿಎಸ್ ಮ್ಯಾಕ್ಸ್. ಒಂದಕ್ಕೊಂದು ಕೂರುವುದಿಲ್ಲ. ಹೇಗೋ ತುರುಕಿದರೆ ಕೆಲಸದ ನಡುವೆ ಚಿಸೆಲ್ ಕಳಚಿ ಹಾರುತ್ತದೆ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ, ಬರಬಾರದು.

ಹತ್ತು ಕೆಜಿಯದು

'11ಇ' ಅಂತ ಕರೆಯುವ ಜಾತಿ. 1500 ವ್ಯಾಟ್, 16-17 ಜೂಲ್, ಎಸ್‌ಡಿಎಸ್ ಮ್ಯಾಕ್ಸ್. ನಾಲ್ಕಿಂಚಿನ ಅಂಗಳ, ನೆಲದ ದಪ್ಪ ಬೆಡ್, ಹಳೇ ಸಿಮೆಂಟ್ ಕಟ್ಟೆ ಇವಕ್ಕೆ ಸರಿ. ನೆಲಕ್ಕೆ ಬಾಗಿ ಹಿಡಿದರೆ ಬೆನ್ನು ನೋಯುತ್ತದೆ, ಏಕೆಂದರೆ ಇದರ ಹಿಡಿ ದೊಡ್ಡ ಬ್ರೇಕರಿನಷ್ಟು ಎತ್ತರ ಇಲ್ಲ. ಉದ್ದ ಚಿಸೆಲ್ ತೆಗೆದುಕೊಂಡರೆ ಬಾಗುವುದು ಕಡಿಮೆಯಾಗುತ್ತದೆ. ಗೋಡೆಗೂ ಬಳಸುತ್ತಾರೆ, ನೋಡಿದ್ದೇನೆ. ತೋಳಿನಲ್ಲಿ ಕಸುವಿದ್ದು ಅಭ್ಯಾಸ ಇದ್ದವರಿಗೆ ಆ ಮಾತು. ನನಗಂತೂ ಗೋಡೆಗೆ ಇದರ ಸಹವಾಸ ಬೇಡ.

ಈ ಸೈಜಿನಲ್ಲಿ ಅದುರು ತಡೆಯುವ ವ್ಯವಸ್ಥೆ ಇರುವುದು, ಇಲ್ಲದ್ದು ಎರಡೂ ಸಿಗುತ್ತವೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಇರುವುದನ್ನೇ ಕೇಳಿ. ಮೇಲೆ ಹೇಳಿದ ಲೆಕ್ಕದಲ್ಲಿ ಅಂಕಿ 20ರಿಂದ 10ಕ್ಕೆ ಇಳಿದರೆ ದಿನದ ಕೆಲಸದ ಹೊತ್ತು ನಾಲ್ಕರಷ್ಟಾಯಿತು. ಅಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ.

ಹದಿನೈದು ಕೆಜಿ ದಾಟಿದ್ದು

'65 ಬ್ರೇಕರ್'. 30 ಮಿಲಿಮೀಟರಿನ ದಪ್ಪ ಚಿಸೆಲ್, ನಿಂತೇ ಹಿಡಿಯುವ ಉದ್ದ ಹಿಡಿ. ಆರಿಂಚಿನ ಕಾಂಕ್ರೀಟು, ಕಂಬಿ ಹಾಕಿದ ನೆಲ, ಹಳೇ ಪಾಯದ ಕಲ್ಲು ಇದರ ಪಾಲು. ಚಿಸೆಲ್ ಯಾವಾಗಲೂ ನೆಲ ನೋಡುತ್ತಿರಬೇಕು. ಅಡ್ಡ ಹಿಡಿದರೆ ನನ್ನ ಕಥೆಯೇ.

ಗಟ್ಟಿಮುಟ್ಟಾದ ಶೂ ಇಲ್ಲದೆ ಇದನ್ನು ಮುಟ್ಟಬೇಡಿ. ಚಪ್ಪಲಿಯಲ್ಲಿ ಬ್ರೇಕರ್ ಹೊಡೆಯುವವರನ್ನು ದಿನಾ ನೋಡುತ್ತೇವೆ, ಅಲ್ವಾ? ಕಂಬಿಗೆ ತಾಗಿದ ಚಿಸೆಲ್ ಜಾರಿದರೆ ಇಳಿಯುವ ಜಾಗ ಪಾದವೇ. ಮಹಡಿಯ ಮೇಲಿನ ಸ್ಲ್ಯಾಬಿಗೂ ಇದನ್ನು ಹತ್ತಿಸಬೇಡಿ. ಚಿಸೆಲ್ ಪೂರ್ತಿ ತೂರಿ ಹೋದರೆ ಕೆಳಗಿದ್ದವರ ಗತಿ?

ಕಂಪ್ರೆಸರ್ ಕಟ್ಟಿಕೊಂಡು ಬರುವ ಟ್ರ್ಯಾಕ್ಟರುಗಳ ಗಾಳಿ ಬ್ರೇಕರ್ ಇನ್ನೂ ಮೇಲಿನ ಮಾತು. ಬಂಡೆ, ರಸ್ತೆ, ನೀರು ಜಿನುಗುವ ಬಾವಿ ಕೆಲಸ ಇದ್ದರೆ ಕರೆಸಿ. ಕೈಯಲ್ಲಿ ಕರೆಂಟ್ ಇರುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಮನೆಯೊಳಗೆ ಅದಕ್ಕೆ ಕೆಲಸ ಇಲ್ಲ.

ಕೊಳ್ಳುವುದಾ, ಬಾಡಿಗೆಯಾ, ಆಳು ಸಮೇತವಾ

ಮೂರು ಕೆಜಿಯದನ್ನು ಕೊಳ್ಳಬಹುದು. ಪರದೆ ರಾಡಿನಿಂದ ಗೀಸರ್ ಕೊಕ್ಕೆಯವರೆಗೆ ವರ್ಷಪೂರ್ತಿ ಉಪಯೋಗಕ್ಕೆ ಬರುತ್ತದೆ. ಉಳಿದವನ್ನು ಮನೆಯ ಒಂದು ಕೆಲಸಕ್ಕೆ ಕೊಳ್ಳುವುದು ದಂಡ. ಹೆಸರಿಲ್ಲದ ಬ್ರೇಕರ್‌ಗಳು ಒಳ್ಳೇ ಕಂಪನಿಯ ಬೆಲೆಯ ಕಾಲು ಭಾಗಕ್ಕೂ ಸಿಗುತ್ತವೆ. ಆಸೆಯಾಗುತ್ತದೆ. ಹೊಡೆತದಲ್ಲಿ ಅವೇನೂ ಕಡಿಮೆ ಇಲ್ಲ, ಆದರೆ ಅದುರಿನ ಅಂಕಿಯನ್ನು ಎಲ್ಲೂ ಬರೆದಿರುವುದಿಲ್ಲ. ಹದಿನೈದು ನಿಮಿಷದ ಕೆಲಸಕ್ಕೆ ನಡೆಯುತ್ತದೆ, ಎರಡು ದಿನಕ್ಕೆ ನಡೆಯುವುದಿಲ್ಲ.

ಬಾಡಿಗೆ ತರುವಾಗ ಅಂಗಡಿಯಲ್ಲೇ ಹಾಕಿ ನೋಡಿ. ನಾನು ಒಮ್ಮೆ ತಂದ ಮಿಷನ್ನಿಗೆ ಪ್ಲಗ್ಗೇ ಇರಲಿಲ್ಲ. ಎರಡು ವೈರು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿ ಅಂತ ಅಂಗಡಿಯವನೇ ಹೇಳಿದ. ವೈರಿನ ನಡುವೆ ಎರಡು ಕಡೆ ಟೇಪು ಸುತ್ತಿತ್ತು. ನಾನು ದಡ್ಡ, ಹಾಗೇ ತಂದುಬಿಟ್ಟೆ. ಒದ್ದೆ ನೆಲದಲ್ಲಿ ಅದು ಸಣ್ಣಗೆ ಜುಂ ಅಂದಾಗ ಬಿಸಾಡಿ ಆಚೆ ಓಡಿದೆ. ಈಗ ವೈರನ್ನು ಮೊದಲಿಂದ ಕೊನೆತನಕ ಬೆರಳಾಡಿಸಿ ನೋಡುತ್ತೇನೆ. ಮಿಷನ್ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಎರಡು ಪದರದ ರಕ್ಷಣೆ ಇದೆ ಎಂದರ್ಥ, ಅದಕ್ಕೆ ಅರ್ಥ್ ಪಿನ್ ಇಲ್ಲದಿದ್ದರೆ ಗಾಬರಿಯಾಗಬೇಡಿ. ಮೈ ಒಡೆದಿದ್ದರೆ ಮಾತ್ರ ಆ ಗುರುತಿಗೆ ಬೆಲೆ ಇಲ್ಲ. ಸ್ವಿಚ್ ಬಿಟ್ಟ ಕೂಡಲೇ ನಿಲ್ಲುತ್ತದಾ, ಸ್ವಿಚ್ಚನ್ನು ಒತ್ತಿದ ಹಾಗೇ ಹಿಡಿದಿಡುವ ಲಾಕ್ ಬಿಡಿಸಿಕೊಳ್ಳುತ್ತದಾ, ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಹತ್ತಿರ ಜಾಸ್ತಿ ಕಿಡಿ ಹಾರುತ್ತದಾ ನೋಡಿ.

ಕಂಬಿ ಇರುವ ಸ್ಲ್ಯಾಬು, ಒಂದು ದಿನಕ್ಕಿಂತ ಹೆಚ್ಚಿನ ಕೆಲಸ, ಇಲ್ಲವೇ ನಿಮಗೆ ಬೆನ್ನು, ಭುಜ, ಕೈಜೋಮಿನ ತೊಂದರೆ ಇದ್ದರೆ ಆಳು ಸಮೇತ ಕರೆಸಿ. ದುಡ್ಡು ಜಾಸ್ತಿ ಆಗುತ್ತದೆ ಅಂತ ಕಂಡರೂ, ಅಭ್ಯಾಸ ಇಲ್ಲದವರು ಎರಡು ದಿನ ಮಾಡುವುದನ್ನು ಅವರು ಅರ್ಧ ದಿನಕ್ಕೆ ಮುಗಿಸುತ್ತಾರೆ. ಬಾಡಿಗೆ ದಿನದ ಲೆಕ್ಕವಲ್ಲವೇ?

ಕರೆಂಟು

1500 ವ್ಯಾಟಿನ ಮಿಷನ್ ನಮ್ಮ 230 ವೋಲ್ಟಿನಲ್ಲಿ ಆರೂವರೆ ಆಂಪ್ ಎಳೆಯುತ್ತದೆ. ಮಂಚದ ಪಕ್ಕದ ಮೊಬೈಲ್ ಚಾರ್ಜ್ ಮಾಡುವ 6 ಆಂಪ್ ಸಾಕೆಟ್ ಅದಕ್ಕಲ್ಲ. ಗೀಸರಿನದೋ ಫ್ರಿಜ್ಜಿನದೋ 16 ಆಂಪ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ವೈರು 2.5 ಸ್ಕ್ವೇರ್ ಎಂಎಂ ಇರಲಿ. ರೀಲಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ, ಸುತ್ತಿದ ವೈರು ಒಳಗೇ ಕಾದು ಕರಗುತ್ತದೆ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನು ಕತ್ತರಿಸುವ ಸ್ವಿಚ್) ಇದೆಯಾ ನೋಡಿ, ಟೆಸ್ಟ್ ಗುಂಡಿ ಒತ್ತಿದರೆ ಟಪ್ಪನೆ ಬೀಳಬೇಕು. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಮಿಷನ್ ಬಾಡಿಗೆಗೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ.

ನಮ್ಮ ಕಡೆ ಮರೆಯಬಾರದ ಎರಡು ವಿಷಯ ಇವೆ. ಒಂದು, ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ಚಿನ ಲಾಕ್ ಬಿಡಿಸಿ, ಪ್ಲಗ್ ಕೀಳಿ. ಹಾಗೇ ಮಲಗಿಸಿ ಚಹಾಕ್ಕೆ ಹೋದರೆ, ಕರೆಂಟ್ ಬಂದ ಕೂಡಲೇ ಅದು ತಾನೇ ಎದ್ದು ಕುಣಿಯುತ್ತದೆ. ಎರಡು, ಯುಪಿಎಸ್ ಲೈನು. ಮೈನ್ ಆಫ್ ಮಾಡಿದ್ದೇನೆ ಅಂತ ಧೈರ್ಯವಾಗಿ ಗೋಡೆ ಒಡೆಯುತ್ತಾರೆ. ಫ್ಯಾನು, ಲೈಟಿನ ವೈರಿನಲ್ಲಿ ಬ್ಯಾಟರಿಯ ಕರೆಂಟ್ ಹರಿಯುತ್ತಲೇ ಇರುತ್ತದೆ. ಗೋಡೆ ಒಡೆಯುವ ದಿನ ಯುಪಿಎಸ್ಸನ್ನೂ ಪೂರ್ತಿ ಆಫ್ ಮಾಡಿ, ಮಿಷನ್ನಿಗೆ ಬೇರೆ ಕೋಣೆಯಿಂದ ಲೈನು ಎಳೆಯಿರಿ.

ಹಿಡಿದ ಮೇಲೆ

ಅಂಚಿನಿಂದ ಶುರು ಮಾಡಿ. ಎರಡು ಮೂರು ಇಂಚು ಒಳಗೆ ಚಿಸೆಲ್ ಇಟ್ಟು ಹೊಡೆದರೆ ತುಂಡು ಹೊರಕ್ಕೆ ಬೀಳುತ್ತದೆ. ನಡುಮಧ್ಯದಲ್ಲಿ ಇಟ್ಟು ಒಂದೇ ಕಡೆ ಒತ್ತಿದರೆ ಚಿಸೆಲ್ ಹೂತು ಕೂರುತ್ತದೆ, ಮಿಷನ್ನನ್ನೇ ಹಾರೆಯ ಹಾಗೆ ಅಲ್ಲಾಡಿಸಿ ಕೀಳುವ ಚಾಳಿ ಅಲ್ಲಿಂದ ಶುರು. ಚಿಸೆಲ್ ಮುರಿಯುವುದೇ ಆಗ. ಗಟ್ಟಿ ಕಾಂಕ್ರೀಟಿಗೆ ಮೊನೆ ಚಿಸೆಲ್, ಟೈಲ್ಸಿಗೆ ಅಗಲ ಚಿಸೆಲ್ಲನ್ನು ಓರೆಯಾಗಿ. ಕೈ ಬಿಗಿ ಇರಲಿ, ಒತ್ತುವುದು ಬೇಡ, ಮಿಷನ್ನಿನ ಭಾರ ಸಾಕು. ಏಣಿ ಮೇಲೆ ನಿಂತು ಯಾವ ಬ್ರೇಕರೂ ಬೇಡ, ಸಾರುವೆ ಕಟ್ಟಿಸಿ. ಕೆಲಸ ಮುಗಿದ ಚಿಸೆಲ್ ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಏಳುತ್ತದೆ.

ದೂಳಿನ ವಿಷಯಕ್ಕೆ ಮುಖಕ್ಕೆ ಟವೆಲ್ ಕಟ್ಟಿಕೊಳ್ಳುವವರೇ ಜಾಸ್ತಿ. ಕಾಂಕ್ರೀಟಿನ ಮರಳು, ಜಲ್ಲಿ, ಟೈಲ್ಸ್ ಎಲ್ಲದರಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಸಿಲಿಕೋಸಿಸ್ ಅನ್ನುವ ಆ ಶ್ವಾಸಕೋಶದ ಕಾಯಿಲೆ ಬಂದವರಿಗೆ ಅದನ್ನು ಗುಣಪಡಿಸುವ ಔಷಧಿ ಇಲ್ಲ. ಟವೆಲ್ ಆ ಪುಡಿಯನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಬೇಕು. ಒಡೆಯುವ ಜಾಗಕ್ಕೆ ಹೂವಿನ ಗಿಡಕ್ಕೆ ಚಿಮುಕಿಸುವ ಹಾಗೆ ನೀರು ಚಿಮುಕಿಸಿ, ಮಿಷನ್ನಿಗೆ ತಾಗದ ಹಾಗೆ. ಸಿಮೆಂಟ್ ಶೀಟಿನ ಛಾವಣಿಗೆ ಮಾತ್ರ ಯಾವ ಮಿಷನ್ನೂ ಬೇಡ. ಹಳೇ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತದೆ, ಅದರ ಪುಡಿಯೂ ಶ್ವಾಸಕೋಶಕ್ಕೆ ಅಪಾಯ. ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು.

ಸದ್ದಿಗೆ ಇರುವ ಲೆಕ್ಕವೂ ಅದುರಿನ ಲೆಕ್ಕದ ತಮ್ಮನೇ. 85 ಡೆಸಿಬೆಲ್ ಇದ್ದರೆ 8 ಗಂಟೆ ತಡೆಯಬಹುದು. ಪ್ರತಿ 3 ಏರಿದರೆ ಸಮಯ ಅರ್ಧ. ಮುಚ್ಚಿದ ಬಚ್ಚಲುಮನೆಯಲ್ಲಿ 100 ಮುಟ್ಟಿದರೆ ಕಿವಿಗೆ ಇರುವುದು 15 ನಿಮಿಷ. ಹತ್ತಿ ತುರುಕಿದರೆ ಪ್ರಯೋಜನ ಇಲ್ಲ, ಇಯರ್ ಮಫ್ ತನ್ನಿ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ.

ಒಡೆಯಬಾರದ ಗೋಡೆ

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟಿನವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಯುಮಿನಿಯಂ ಅಚ್ಚಿಟ್ಟು ಗೋಡೆ, ಸ್ಲ್ಯಾಬು ಒಟ್ಟಿಗೇ ಸುರಿದ ಕಟ್ಟಡವಾದರೆ ಬಹುತೇಕ ಗೋಡೆಗಳೆಲ್ಲ ಕಂಬಗಳೇ. ಅಲ್ಲಿ ಬ್ರೇಕರ್ ಆರಿಸುವ ಪ್ರಶ್ನೆಯೇ ಇಲ್ಲ. ಇನ್ನು ಕೆಲವು ಕಡೆ ಸ್ಲ್ಯಾಬಿನೊಳಗೆ ಎಳೆದು ಬಿಗಿದ ಉಕ್ಕಿನ ಹಗ್ಗ ಇರುತ್ತದೆ. ಅದು ತುಂಡಾದರೆ ಚಿಮ್ಮಿ ಬರುತ್ತದೆ. ಅಸೋಸಿಯೇಷನ್ನಿನಿಂದ ನಕ್ಷೆ ಕೇಳಿ ತನ್ನಿ. ಕಂಬಿ ಹಾಕಿದ ಕಡೆ ದಾರಿ ಮಾಡಲೇಬೇಕಾದರೆ ಇಂಜಿನಿಯರ್ ಒಪ್ಪಿದ ಮೇಲೆ ಡೈಮಂಡ್ ಬ್ಲೇಡಿನಲ್ಲಿ ಕತ್ತರಿಸುವವರನ್ನು ಕರೆಸುವುದು ಮೇಲು. ದುಬಾರಿ, ಆದರೆ ಅಕ್ಕಪಕ್ಕಕ್ಕೆ ಅದುರು ತಾಗುವುದಿಲ್ಲ.

ಬಿಡಿ ಮನೆಗಳಲ್ಲಿ ಕಾಲಮ್, ಬೀಮ್ ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತು. ಸಜ್ಜಾ ವಿಷಯ ಗೊತ್ತಿರುವುದಿಲ್ಲ. ಕಾಲಮ್ ಇಲ್ಲದ ಹಳೇ ಮನೆಯಲ್ಲಿ ಕಿಟಕಿಯ ಸಜ್ಜಾ ನಿಂತಿರುವುದೇ ಅದರ ಹಿಂಬದಿಯ ಮೇಲೆ ಕೂತ ಗೋಡೆಯ ಭಾರದಿಂದ. ಆ ಗೋಡೆ ತೆಗೆದರೆ ಸಜ್ಜಾ ಮಗುಚುತ್ತದೆ. ಗೋಡೆಯನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ಬಿಚ್ಚಬೇಕು. ಬುಡ ಕೊರೆದು ಬೀಳಿಸುವವರು ಅದರಡಿಗೇ ಸಿಕ್ಕಿಬೀಳುತ್ತಾರೆ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ವೈರಿನ ಪೈಪು, ನಲ್ಲಿಯ ಸಾಲಿನಲ್ಲಿ ನೀರಿನ ಪೈಪು ಇದೆ ಅಂದುಕೊಂಡೇ ಚಿಸೆಲ್ ಇಡಿ. ಅಲ್ಲಿ ಮಾತ್ರ ಸುತ್ತಿಗೆ, ಉಳಿ.

ಮೊದಲಿನ ಮೂರು ಕೆಲಸಕ್ಕೆ ಬರೋಣ. ಹಿತ್ತಲಿಗೆ 65 ಸರಿಯಿತ್ತು. ಅದೊಂದೇ ನಾನು ಸರಿ ಆರಿಸಿದ್ದು. ಬಚ್ಚಲುಮನೆಗೆ ಎರಡನೇ ಸಲ 0810 ತಂದೆ. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು ಅಂತ ಎರಡು ದಿನ ತಗೊಂಡು, ಪೈಪಿನ ಹತ್ತಿರ ಉಳಿಯಲ್ಲಿ ಮುಗಿಸಿದೆ. ಬಾಗಿಲಿಗೆ ಮಿಷನ್ ತರುವ ಮುಂಚೆ ನಮ್ಮ ಮೇಸ್ತ್ರಿಗೆ ತೋರಿಸಿದೆ. ಅವರು ಮೇಲಿನ ಗಾರೆ ಸ್ವಲ್ಪ ಕೆರೆದು ನೋಡಿ, ಲಿಂಟಲ್, ಅಂದರೆ ಬಾಗಿಲ ಮೇಲಿನ ಭಾರ ಹೊರುವ ಅಡ್ಡ ತೊಲೆ, ಬಾಗಿಲಿಗಿಂತ ಹೆಚ್ಚೇನೂ ಉದ್ದ ಇಲ್ಲ, ಗೋಡೆಯ ಮೇಲೆ ಆಚೆಗೊಂದು ಈಚೆಗೊಂದು ಗೇಣು ಕೂತಿದೆ ಅಷ್ಟೇ ಅಂದರು. ಅರ್ಧ ಅಡಿ ಒಡೆದರೆ ಒಂದು ತುದಿಗೆ ಆಸರೆ ಸಾಲುವುದಿಲ್ಲ. ಬಾಗಿಲು ಇವತ್ತಿಗೂ ಅಷ್ಟೇ ಅಗಲ ಇದೆ. ಹೊಸ ಫ್ರಿಜ್ಜನ್ನು ಹಿತ್ತಲಿನ ಕಡೆಯಿಂದ ಸುತ್ತಿಸಿ ತಂದೆವು.